ಅಮ್ಮನ ರೇಡಿಯೋ, ಭಾಗ 4: ಆಸಿಲೇಟರ್ ಯಾವುದು?

(1)
ಕಳೆದ ಮೂರು ಭಾಗಕ್ಕೆ ನೀವು ಹಾಕಿದ ಕಾಮೆಂಟ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚು ಒಂದೇ ಪ್ರಶ್ನೆ: "ಎಷ್ಟು ದೂರ ಹೋಗುತ್ತೆ?" ಉತ್ತರ ಮೊದಲೇ ಹೇಳಿಬಿಡ್ತೀನಿ. ಹಾಲ್‌ನಿಂದ ಅಡುಗೆಮನೆಗೆ. ಬಾಲ್ಕನಿಗೆ ಹೋದ್ರೆ ಆಗ್ಲೇ ಗರಗರ. ನಮಗೆ ಅಷ್ಟೇ ಬೇಕಿದ್ದಿದ್ದು.

ಹೊಸದಾಗಿ ಬಂದವರಿಗೆ ಕಥೆ ಚಿಕ್ಕದಾಗಿ: ನಾವಿರೋದು ನ್ಯೂಜೆರ್ಸಿಯ ಎಡಿಸನ್‌ನಲ್ಲಿ. ಅಮ್ಮ ಮೈಸೂರಿನಿಂದ ಆರು ತಿಂಗಳಿಗೆ ಅಂತ ಬಂದಿದ್ದಾಳೆ, ಜೊತೆಗೆ ತನ್ನ ಪುಟ್ಟ ರೇಡಿಯೋ ತಂದಿದ್ದಾಳೆ. ಅದರ ಮುಳ್ಳು ಮೈಸೂರು ಆಕಾಶವಾಣಿಯ 100.6ರಲ್ಲೇ ನಿಂತಿತ್ತು. ಇಲ್ಲಿ ಆನ್ ಮಾಡಿದ್ರೆ ಪಕ್ಕದ 100.3ರಿಂದ ನ್ಯೂಯಾರ್ಕಿನ ಪಾಪ್ ಹಾಡು. ಆಕಾಶವಾಣಿ ಫೋನಿನ ಆ್ಯಪ್‌ನಲ್ಲಿ ಬರುತ್ತೆ ನಿಜ. ಆದ್ರೆ ಪೊರೆ ಆಪರೇಷನ್ ಆದ ಕಣ್ಣಿಗೆ ಆ ಸಣ್ಣ ಅಕ್ಷರ ಹಿಡಿಸಲ್ಲ, ಒಣಗಿದ ಬೆರಳಿನ ಮಾತು ಟಚ್‌ಸ್ಕ್ರೀನ್ ಕೇಳಲ್ಲ. ನಾವಿಬ್ರೂ ಕೆಲಸಕ್ಕೆ ಹೋದ ಮೇಲೆ ಸಂಜೆವರೆಗೂ ಮನೆಯಲ್ಲಿ ಅವಳೊಬ್ಬಳೇ. ಹಾಡು ನಿಂತುಹೋದ್ರೆ ನಾನು ಬರೋವರೆಗೂ ಸುಮ್ಮನೆ ಕೂತಿರ್ತಾಳೆ. ಕೇಳಿದ್ರೆ "ಪರವಾಗಿಲ್ಲ ಬಿಡೇ, ನಿಂಗ್ಯಾಕೆ ತೊಂದ್ರೆ" ಅಂತಾಳೆ. ಅಮ್ಮಂದಿರ ಪರವಾಗಿಲ್ಲಕ್ಕೆ ಏನರ್ಥ ಅಂತ ನಿಮಗೂ ಗೊತ್ತು.

ರೇಡಿಯೋ ಗುಂಡಿ ಮಾತ್ರ ಅವಳ ಕೈಗೆ ಐವತ್ತು ವರ್ಷದ ಪರಿಚಯ. ಹಾಗಾಗಿ ಹಳೇ ಫೋನ್ ಒಂದರಲ್ಲಿ ಆಕಾಶವಾಣಿ ಹಾಕಿಟ್ಟು, ಅದರ ಸದ್ದನ್ನ ಅವಳ ರೇಡಿಯೋಗೆ ಗಾಳಿಯಲ್ಲಿ ದಾಟಿಸೋ ಪುಟ್ಟ ಎಫ್‌ಎಂ ಟ್ರಾನ್ಸ್‌ಮಿಟರ್. ಬೆಂಗಳೂರು, ಮೈಸೂರಿನ ಸಂಜೆ ಕಾರ್ಯಕ್ರಮ ಇಲ್ಲಿ ಬೇಸಿಗೆಯಲ್ಲಿ ಬೆಳಗಿನ ಕಾಫಿಗೆ ಸರಿಯಾಗಿ ಬರುತ್ತೆ. ಫೋನ್ ಭಾಗದ ವಿವರ ಭಾಗ 2ರಲ್ಲಿದೆ.

(2)
ಮೊದಲು ಕಾನೂನು, ಯಾಕಂದ್ರೆ ಆಸಿಲೇಟರ್ ಆಯ್ಕೆ ಅಲ್ಲಿಂದಲೇ ಶುರು.

ಅಮೆರಿಕದ ಎಫ್‌ಸಿಸಿ ನಿಯಮಗಳ 15ನೇ ಭಾಗದ ಪ್ರಕಾರ 88ರಿಂದ 108 ಮೆಗಾಹರ್ಟ್ಸ್ ಒಳಗೆ ಪರವಾನಗಿ ಇಲ್ಲದೆ ಪ್ರಸಾರ ಮಾಡಬಹುದು. ಆದ್ರೆ 3 ಮೀಟರ್ ದೂರದಲ್ಲಿ ಅಳೆದಾಗ ಸಿಗ್ನಲ್ ಮೀಟರಿಗೆ 250 ಮೈಕ್ರೋವೋಲ್ಟ್ ದಾಟಬಾರದು, ಮತ್ತು ಅದು 200 ಕಿಲೋಹರ್ಟ್ಸ್ ಅಗಲದ ಪಟ್ಟಿಯೊಳಗೇ ಇರಬೇಕು. ಮಾರೋಕಲ್ಲದೆ ಸ್ವಂತ ಬಳಕೆಗೆ ಐದರವರೆಗೆ ಮನೆಯಲ್ಲೇ ಕಟ್ಟಿಕೊಳ್ಳಬಹುದು. ಆ 250 ಮೈಕ್ರೋವೋಲ್ಟ್ ಅನ್ನ ಪವರ್‌ಗೆ ಬದಲಾಯಿಸಿ ಲೆಕ್ಕ ಹಾಕಿದ್ರೆ ಸುಮಾರು 19 ನ್ಯಾನೋವ್ಯಾಟ್ ಬರುತ್ತೆ. ಮೊದಲ ಫೋಟೋದಲ್ಲಿ ಬೋರ್ಡಿನ ಮೂಲೆಯಲ್ಲಿ ಉರೀತಿರೋ ಕೆಂಪು ಎಲ್‌ಇಡಿ ನೋಡಿ. ಅದು ತಿನ್ನೋ ವಿದ್ಯುತ್ತಿನ ಹತ್ತು ಲಕ್ಷದಲ್ಲಿ ಒಂದು ಪಾಲು.

ಭಾರತದಲ್ಲಿ ಓದ್ತಿರೋರು ದಯವಿಟ್ಟು ಇದನ್ನ ನೋಡ್ಕೊಂಡು ಕಟ್ಟಿ ಆನ್ ಮಾಡಬೇಡಿ. ಅಲ್ಲಿ ಎಫ್‌ಎಂ ಪ್ರಸಾರಕ್ಕೆ ಪರವಾನಗಿ ಬೇಕೇ ಬೇಕು. ಸಮುದಾಯ ರೇಡಿಯೋ ಪರವಾನಗಿಯೂ ಸಂಸ್ಥೆಗಳಿಗೆ ಸಿಗುತ್ತೆ, ಒಬ್ಬ ವ್ಯಕ್ತಿಗೆ ಸಿಗಲ್ಲ.

ಇನ್ನೊಂದು ವಿಷಯ. ನಿಮ್ಮ ರೇಡಿಯೋ ಪಟ್ಟಿ 108ಕ್ಕೆ ಮುಗಿಯುತ್ತಲ್ಲ, ಅದರಾಚೆ ಖಾಲಿ ಜಾಗ ಇಲ್ಲ. 108ರಿಂದ 118ರವರೆಗೆ ವಿಮಾನಗಳಿಗೆ ದಾರಿ ತೋರಿಸೋ ಸಿಗ್ನಲ್‌ಗಳು, ಅದರ ಮೇಲೆ 137ರವರೆಗೆ ಪೈಲಟ್‌ಗಳ ಮಾತುಕತೆ. ನಮ್ಮನೆ ಮೇಲೇ ನ್ಯೂವಾರ್ಕ್‌ಗೆ ಇಳಿಯೋ ವಿಮಾನ ಹೋಗ್ತಿರುತ್ತೆ. ಪವರ್ ಎಷ್ಟೇ ಕಡಿಮೆ ಇರಲಿ, "ಸ್ವಲ್ಪ ಆಚೆ ಈಚೆ ಜಾರಿದ್ರೆ ಏನಾಯ್ತು" ಅನ್ನೋ ಮಾತಿಗೆ ಇಲ್ಲಿ ಜಾಗ ಇಲ್ಲ.

ಆದ್ದರಿಂದ ನನ್ನ ಪ್ರಶ್ನೆ ದೂರದ್ದಲ್ಲ. ಒಂದು ಸಲ ಅಮ್ಮ ಮುಳ್ಳು ತಿರುಗಿಸಿ ನಿಲ್ಲಿಸಿದ ಮೇಲೆ ನಾಳೆ ಬೆಳಗ್ಗೆಯೂ ಅದೇ ಜಾಗದಲ್ಲಿ ಹಾಡು ಇರುತ್ತಾ?

(3)
ಆಸಿಲೇಟರ್ ಅಂದ್ರೆ ಉಯ್ಯಾಲೆ ಅಂದ್ಕೊಳ್ಳಿ. ತಂತಿ ಸುರುಳಿ ಮತ್ತು ಕೆಪಾಸಿಟರ್ ಸೇರಿ ಉಯ್ಯಾಲೆ. ವಿದ್ಯುತ್ತು ಅದರಿಂದ ಇದಕ್ಕೆ, ಇದರಿಂದ ಅದಕ್ಕೆ ತೂಗುತ್ತೆ. ಬಿಟ್ಟರೆ ನಿಧಾನಕ್ಕೆ ನಿಂತುಹೋಗುತ್ತೆ. ಪ್ರತಿ ಸಲ ಸರಿಯಾದ ಹೊತ್ತಿಗೆ ಒಂದು ಸಣ್ಣ ತಳ್ಳು ಕೊಡೋದು ಟ್ರಾನ್ಸಿಸ್ಟರ್. ಎಫ್‌ಎಂನಲ್ಲಿ ಇದು ಸೆಕೆಂಡಿಗೆ ಹತ್ತು ಕೋಟಿ ಸಲದ ಆಸುಪಾಸು.

ಪುಸ್ತಕ ತೆರೆದ್ರೆ ಹೆಸರುಗಳ ಸಂತೆ. ಹಾರ್ಟ್ಲಿ, ಕೋಲ್ಪಿಟ್ಸ್, ಕ್ಲಾಪ್. ಹೆದರಬೇಡಿ. ಆ ತಳ್ಳು ಕೊಡೋಕೆ ಎಲ್ಲಿಂದ ಕದಿಯೋದು ಅನ್ನೋದಷ್ಟೇ ವ್ಯತ್ಯಾಸ. ಸುರುಳಿಯ ಮಧ್ಯದಿಂದ ಕದ್ದರೆ ಹಾರ್ಟ್ಲಿ, ಎರಡು ಕೆಪಾಸಿಟರ್ ನಡುವಿನಿಂದ ಕದ್ದರೆ ಕೋಲ್ಪಿಟ್ಸ್. ಸುರುಳಿಯ ಜೊತೆ ಸಾಲಿನಲ್ಲಿ ಇನ್ನೊಂದು ಸಣ್ಣ ಕೆಪಾಸಿಟರ್ ಸೇರಿಸಿ, ಟ್ರಾನ್ಸಿಸ್ಟರ್‌ನ ಚಾಪಲ್ಯ ಉಯ್ಯಾಲೆಗೆ ತಟ್ಟದ ಹಾಗೆ ಮಾಡಿದ್ರೆ ಕ್ಲಾಪ್.

ನಿಜವಾದ ಪೇಚು ಬೇರೆ. ಎಫ್‌ಎಂನಲ್ಲಿ ಹಾಡು ಇರೋದೇ ಫ್ರೀಕ್ವೆನ್ಸಿಯ ಅಲುಗಾಟದಲ್ಲಿ. ಹಾಡು ಜೋರಾದ ಹಾಗೆ ಫ್ರೀಕ್ವೆನ್ಸಿ ತನ್ನ ಜಾಗದಿಂದ 75 ಕಿಲೋಹರ್ಟ್ಸ್‌ವರೆಗೆ ಮೇಲೆ, ಅಷ್ಟೇ ಕೆಳಗೆ ಹೋಗಿ ಬರಬೇಕು. ಅಂದ್ರೆ ನಮಗೆ ಬೇಕಾಗಿರೋದು ಹಾಡಿಗೆ ಅಲ್ಲಾಡೋ, ಆದ್ರೆ ಬಿಸಿಗೆ, ಬ್ಯಾಟರಿಗೆ, ಪಕ್ಕದಲ್ಲಿ ಓಡಾಡೋರಿಗೆ ಅಲ್ಲಾಡದ ಉಯ್ಯಾಲೆ.

ಸಂಗೀತ ಗೊತ್ತಿರೋರಿಗೆ ಇದು ಹೊಸದಲ್ಲ. ಗಮಕ ಬೇಕು, ಶ್ರುತಿ ಬಿಡಬಾರದು.

(4)
ಮೊದಲ ಸ್ಪರ್ಧಿ: ಒಂದೇ ಟ್ರಾನ್ಸಿಸ್ಟರ್. ಎರಡನೇ ಫೋಟೋ. ಒಂದು 2ಎನ್3904, ಐದಾರು ಸುತ್ತಿನ ಎನಾಮಲ್ ತಂತಿ, ಒಂದು ಟ್ರಿಮ್ಮರ್, ಬೆರಳೆಣಿಕೆಯಷ್ಟು ಬಿಡಿಭಾಗ, 9 ವೋಲ್ಟ್ ಬ್ಯಾಟರಿ. ಇಂಜಿನಿಯರಿಂಗ್ ಕಾಲೇಜಿನ ಹಾಸ್ಟೆಲ್‌ಗಳಲ್ಲಿ ಇದನ್ನ ಕಟ್ಟದೋರು ಕಡಿಮೆ. ಅರ್ಧ ಗಂಟೆಯಲ್ಲಿ ಮುಗಿಯುತ್ತೆ, ಸದ್ದು ಬಂದಾಗ ಆಗೋ ಖುಷಿ ಬೇರೆ ಯಾವುದರಲ್ಲೂ ಇಲ್ಲ. ಎಲೆಕ್ಟ್ರಾನಿಕ್ಸ್ ಕಲಿಯೋರಿಗೆ ಮೊದಲು ಇದನ್ನೇ ತೋರಿಸಬೇಕು ಅಂತ ನನ್ನ ಅಭಿಪ್ರಾಯ.

ಆದ್ರೆ ಒಂದು ಲೆಕ್ಕ ನೋಡಿ. ಸುರುಳಿ 0.1 ಮೈಕ್ರೋಹೆನ್ರಿ ಇದ್ದರೆ, 98 ಮೆಗಾಹರ್ಟ್ಸ್‌ಗೆ ಬೇಕಾದ ಒಟ್ಟು ಕೆಪಾಸಿಟನ್ಸ್ ಸುಮಾರು 26 ಪಿಕೋಫ್ಯಾರಡ್. ಅದರಲ್ಲಿ ಒಂದು ಪಿಕೋಫ್ಯಾರಡ್ ಹೆಚ್ಚು ಕಡಿಮೆಯಾದ್ರೆ ಫ್ರೀಕ್ವೆನ್ಸಿ ಹತ್ತಿರ ಹತ್ತಿರ 1.9 ಮೆಗಾಹರ್ಟ್ಸ್ ಜಾರುತ್ತೆ. ಒಂದರ ಹತ್ತನೇ ಒಂದು ಪಾಲು ಬದಲಾದ್ರೂ 190 ಕಿಲೋಹರ್ಟ್ಸ್, ಅಂದ್ರೆ ಹೆಚ್ಚೂಕಮ್ಮಿ ಒಂದು ಇಡೀ ಸ್ಟೇಷನ್ ಅಗಲ.

ಒಂದರ ಹತ್ತನೇ ಒಂದು ಪಾಲು ಪಿಕೋಫ್ಯಾರಡ್ ಬದಲಾಯಿಸೋಕೆ ಏನು ಬೇಕು? ಏನೂ ಬೇಡ. ಏರಿಯಲ್ ತಂತಿ ನೇರ ಸುರುಳಿಗೇ ಕಟ್ಟಿರುತ್ತಲ್ಲ, ಅದರ ಪಕ್ಕ ಅಮ್ಮ ತಟ್ಟೆ ಹಿಡ್ಕೊಂಡು ದಾಟಿದ್ರೆ ಸಾಕು. ಬ್ಯಾಟರಿ ಇಳಿದ್ರೆ ಟ್ರಾನ್ಸಿಸ್ಟರ್ ಒಳಗಿನ ಕೆಪಾಸಿಟನ್ಸ್ ಬದಲಾಗುತ್ತೆ. ತಮಾಷೆ ಏನು ಗೊತ್ತಾ, ಈ ಸರ್ಕ್ಯೂಟಿನಲ್ಲಿ ಹಾಡು ಕೂಡ ಇದೇ ದಾರಿಯಲ್ಲಿ ಬರೋದು. ಸದ್ದಿನ ವೋಲ್ಟೇಜ್ ಆ ಒಳಗಿನ ಕೆಪಾಸಿಟನ್ಸನ್ನೇ ಅಲುಗಾಡಿಸಿ ಎಫ್‌ಎಂ ಮಾಡುತ್ತೆ. ಹಾಡಿಗೆ ತೆರೆದ ಬಾಗಿಲಲ್ಲೇ ಬ್ಯಾಟರಿ, ಬಿಸಿ, ತಟ್ಟೆ ಎಲ್ಲಾ ಒಳಗೆ ಬರ್ತವೆ.

ಇದನ್ನ ಪಳಗಿಸಬಹುದು, ಪಳಗಿಸಿದ್ದೂ ಆಯ್ತು. ಮೂರನೇ ಫೋಟೋದಲ್ಲಿರೋದು ಅದು. ಟ್ರಾನ್ಸಿಸ್ಟರ್ ಬದಲು ಜೆ310 ಅನ್ನೋ ಎಫ್‌ಇಟಿ, ಕ್ಲಾಪ್ ಜೋಡಣೆ, ವೋಲ್ಟೇಜ್ ಕದಲದ ಹಾಗೆ 78ಎಲ್05 ರೆಗ್ಯುಲೇಟರ್. ಹಾಡಿಗೆ ಪ್ರತ್ಯೇಕವಾಗಿ ಒಂದು ವ್ಯಾರಿಕ್ಯಾಪ್ ಡಯೋಡ್, ಅಂದ್ರೆ ವೋಲ್ಟೇಜ್ ಕೊಟ್ಟ ಹಾಗೆ ಕೆಪಾಸಿಟನ್ಸ್ ಬದಲಾಯಿಸೋ ಡಯೋಡ್. ಏರಿಯಲ್ಲಿಗೂ ಉಯ್ಯಾಲೆಗೂ ನಡುವೆ ಗೋಡೆಯ ಹಾಗೆ ಒಂದು ಬಫರ್ ಹಂತ. ಎಲ್ಲಾ ತಗಡಿನ ಡಬ್ಬಿಯೊಳಗೆ. ಕೆಪಾಸಿಟರ್‌ಗಳೆಲ್ಲಾ ಎನ್‌ಪಿಓ ಜಾತಿಯವು. ಇದು ಮುಖ್ಯ, ನೆನಪಿಟ್ಕೊಳ್ಳಿ. ಎನ್‌ಪಿಓ ಕೆಪಾಸಿಟರ್ ಒಂದು ಡಿಗ್ರಿ ಬಿಸಿಗೆ ಹತ್ತು ಲಕ್ಷದಲ್ಲಿ 30 ಪಾಲಿಗಿಂತ ಹೆಚ್ಚು ಬದಲಾಗಲ್ಲ. ಅಗ್ಗದ ಸೆರಾಮಿಕ್ ಬಿಲ್ಲೆಗಳಿಗೆ ಈ ಭರವಸೆ ಇಲ್ಲ.

ಈಗ ಅಮ್ಮ ಪಕ್ಕದಲ್ಲಿ ತಟ್ಟೆ ಅಲ್ಲ, ದೋಸೆಕಲ್ಲು ಹಿಡ್ಕೊಂಡು ಹೋದ್ರೂ ಹಾಡು ಕದಲಲ್ಲ. ಆದ್ರೆ ದಿನದ ಲೆಕ್ಕದಲ್ಲಿ? ನಾಲ್ಕನೇ ಫೋಟೋ ನೋಡಿ. ಯುಎಸ್‌ಬಿ ಡಾಂಗಲ್ ರೇಡಿಯೋ ಹಾಕಿ ಕಂಪ್ಯೂಟರಿನಲ್ಲಿ ಬೆಳಗ್ಗೆಯಿಂದ ಸಂಜೆವರೆಗೆ ಹಿಡಿದ ಚಿತ್ರ. ನೆಟ್ಟಗೆ ಇರಬೇಕಾದ ಗೆರೆ ನಿಧಾನಕ್ಕೆ ಎಡಕ್ಕೆ ಬಾಗಿದೆ. ಮನೆ ಬೆಚ್ಚಗಾದ ಹಾಗೆ ಸುರುಳಿ ಹಿಗ್ಗಿ ಫ್ರೀಕ್ವೆನ್ಸಿ ಕೆಳಕ್ಕೆ ಇಳಿದಿದೆ, ರಾತ್ರಿ ವಾಪಸ್ ಬರುತ್ತೆ. ನನಗೆ ಆ ಗೆರೆ ಚೆಂದ ಕಾಣುತ್ತೆ, ಒಂದು ದಿನದ ಹವೆಯನ್ನೇ ಬರೆದ ಹಾಗೆ. ಮಧ್ಯಾಹ್ನ ಒಬ್ಬಳೇ ಕೂತು ಗುಂಡಿ ತಿರುಗಿಸಬೇಕಾದೋಳಿಗೆ ಅದು ಬರೀ ಗರಗರ.

(5)
"ಕ್ರಿಸ್ಟಲ್ ಹಾಕಿ ಅಕ್ಕಾ, ಮುಗೀತು" ಅಂತ ತುಂಬಾ ಜನ ಬರೆದಿದ್ರಿ. ಸರಿ. ಸ್ಫಟಿಕದ ಚೂರು ತನ್ನದೇ ಲಯದಲ್ಲಿ ನಡುಗುತ್ತೆ. ಕೈಗಡಿಯಾರ ನಡೆಯೋದೂ ಅದರಿಂದಲೇ. ಅಂಗಡಿಯಲ್ಲಿ ಸಿಗೋ ಸಾಧಾರಣ ಕ್ರಿಸ್ಟಲ್ ಕೂಡ ಹತ್ತು ಲಕ್ಷಕ್ಕೆ ಕೆಲವು ಹತ್ತು ಪಾಲಿಗಿಂತ ಆಚೆ ಈಚೆ ಹೋಗಲ್ಲ. ಸ್ಥಿರತೆಯ ವಿಷಯದಲ್ಲಿ ಇದರ ಮುಂದೆ ನನ್ನ ತಗಡಿನ ಡಬ್ಬಿ ಏನೂ ಅಲ್ಲ.

ಆದ್ರೆ ಅದೇ ತೊಂದರೆ. 98 ಮೆಗಾಹರ್ಟ್ಸ್‌ನಲ್ಲಿ 75 ಕಿಲೋಹರ್ಟ್ಸ್ ಅಂದ್ರೆ ಹತ್ತು ಲಕ್ಷಕ್ಕೆ 765 ಪಾಲು. ಕ್ರಿಸ್ಟಲನ್ನ ವ್ಯಾರಿಕ್ಯಾಪ್‌ನಿಂದ ಎಷ್ಟೇ ಜಗ್ಗಿದ್ರೂ ಸಾಮಾನ್ಯವಾಗಿ ನೂರು ಇನ್ನೂರರ ಹತ್ತಿರ ನಿಂತುಬಿಡುತ್ತೆ. ಕಡಿಮೆ ಫ್ರೀಕ್ವೆನ್ಸಿಯ ಕ್ರಿಸ್ಟಲ್ ತಗೊಂಡು ಗುಣಿಸಿದ್ರೆ ಅನುಪಾತ ಅದೇ ಇರುತ್ತೆ, ಆದ್ದರಿಂದ ಅದೂ ಉಪಾಯ ಅಲ್ಲ. ಹಾಡು ಬರುತ್ತೆ, ಪಿಸುಗುಟ್ಟಿದ ಹಾಗೆ. ಹಾರ್ಮೋನಿಯಂನಲ್ಲಿ ಗಮಕ ಬರಲ್ಲ ಅಂತ ಆಕಾಶವಾಣಿಯೇ 1940ರಲ್ಲಿ ಅದನ್ನ ಹೊರಗಿಟ್ಟು, 1970ರ ದಶಕದವರೆಗೆ ಬಾಗಿಲು ತೆಗೆದಿರಲಿಲ್ಲ. ಕ್ರಿಸ್ಟಲ್ ಮೇಲೆ ನನ್ನ ದೂರೂ ಅದೇ.

ಇದನ್ನ ಗೆದ್ದ ಮಹಾನುಭಾವ ಎಡ್ವಿನ್ ಆರ್ಮ್‌ಸ್ಟ್ರಾಂಗ್. ಅಗಲಪಟ್ಟಿಯ ಎಫ್‌ಎಂ ಅವರದೇ, ಪೇಟೆಂಟ್ 1933ರಲ್ಲಿ ಬಂತು. ಕ್ರಿಸ್ಟಲನ್ನ ಮುಟ್ಟದೆ, ಅದರಿಂದ ಹೊರಬಂದ ಅಲೆಯನ್ನ ಹಾಡಿನ ಪ್ರಕಾರ ಒಂಚೂರು ಹಿಂದೆ ಮುಂದೆ ಸರಿಸಿ, ಆ ಒಂಚೂರನ್ನ ಹಂತ ಹಂತವಾಗಿ ಸಾವಿರಾರು ಪಟ್ಟು ಗುಣಿಸಿ ದೊಡ್ಡದು ಮಾಡಿದ್ರು. ಅವರು ಕಟ್ಟಿಸಿದ ಗೋಪುರ ನಮ್ಮನೆಯಿಂದ ಒಂದು ಗಂಟೆ ದಾರಿ, ಹಡ್ಸನ್ ನದಿಯ ದಂಡೆ ಮೇಲಿನ ಆಲ್ಪೈನ್ ಅನ್ನೋ ಊರಲ್ಲಿ. 1930ರ ದಶಕದ್ದು, ಮೂರು ಅಡ್ಡತೋಳು ಚಾಚಿಕೊಂಡು ಇವತ್ತಿಗೂ ನಿಂತಿದೆ. ಐದನೇ ಫೋಟೋ ಅದೇ. ಭಾನುವಾರ ಅಮ್ಮನನ್ನ ಕರ್ಕೊಂಡು ಹೋಗಿದ್ದೆ. ಕತ್ತೆತ್ತಿ ನೋಡಿ "ಅಡುಗೆಮನೆಗೆ ಕೇಳಿಸೋಕೆ ಇಷ್ಟುದ್ದ ಬೇಕಾಯ್ತೇನೇ?" ಅಂದಳು.

ವಾಪಸ್ ಬರ್ತಾ ಕಾರಲ್ಲಿ ಅವಳಿಗೆ ಒಂದು ವಿಷಯ ಹೇಳಿದೆ. ಆರ್ಮ್‌ಸ್ಟ್ರಾಂಗ್ ನ್ಯೂಯಾರ್ಕಿನಲ್ಲಿ ಇಂಜಿನಿಯರುಗಳ ಮುಂದೆ ಎಫ್‌ಎಂ ಕೇಳಿಸಿ ಬೆರಗು ಹುಟ್ಟಿಸಿದ್ದು 1935ರಲ್ಲಿ. ಅದೇ 1935ರಲ್ಲಿ ಮೈಸೂರಿನಲ್ಲಿ ಮನಃಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ 30 ವ್ಯಾಟ್ ಟ್ರಾನ್ಸ್‌ಮಿಟರ್ ಇಟ್ಟು ರೇಡಿಯೋ ಶುರು ಮಾಡಿದ್ರು. ಆಕಾಶವಾಣಿ ಅನ್ನೋ ಹೆಸರು ಬಂದಿದ್ದು ಅಲ್ಲಿಂದ. ಅಮ್ಮನಿಗೆ ಇದು ಗೊತ್ತೇ ಇತ್ತು. "ನಮ್ಮೂರಿನ ಕಥೆ ನಂಗೇ ಹೇಳ್ತೀಯಲ್ಲೇ" ಅಂತ ನಕ್ಕಳು.

ಆರ್ಮ್‌ಸ್ಟ್ರಾಂಗ್ ದಾರಿಯನ್ನ ಮನೆಯಲ್ಲಿ ಕಟ್ಟಬಹುದಾ? ಕಟ್ಟಬಹುದು. ಗುಣಿಸೋ ಪ್ರತಿ ಹಂತದಲ್ಲೂ ಬೇಡದ ಫ್ರೀಕ್ವೆನ್ಸಿಗಳು ಹುಟ್ಟುತ್ತವೆ, ಒಂದೊಂದನ್ನೂ ಸೋಸಬೇಕು. ಅಮ್ಮನ ಆರು ತಿಂಗಳು ಅದರಲ್ಲೇ ಮುಗಿದುಹೋಗುತ್ತೆ.

(6)
ಉಳಿದಿದ್ದು ಪಿಎಲ್‌ಎಲ್. ನಾನು ಆರಿಸಿದ್ದು ಇದನ್ನೇ. ಫೇಸ್ ಲಾಕ್ಡ್ ಲೂಪ್ ಅಂದ ತಕ್ಷಣ ಗಣಿತ ನೆನಪಾಗಿ ಪೋಸ್ಟ್ ಬಿಟ್ಟು ಓಡಬೇಡಿ. ವಿಷಯ ಸರಳ. ಉಯ್ಯಾಲೆ ಸುರುಳಿಯದೇ, ಅಲ್ಲಾಡೋ ಸ್ವಭಾವದ್ದೇ. ಆದ್ರೆ ಪಕ್ಕದಲ್ಲಿ ಒಂದು ಕ್ರಿಸ್ಟಲ್ ತಂಬೂರಿ ಹಿಡ್ಕೊಂಡು ಕೂತಿರುತ್ತೆ. ಉಯ್ಯಾಲೆ ಶ್ರುತಿ ಬಿಟ್ಟರೆ ಮೆಲ್ಲಗೆ ಎಳೆದು ತರುತ್ತೆ.

ನಾನು ಬಳಸಿದ್ದು ರೋಮ್ ಕಂಪನಿಯ ಬಿಎಚ್1417 ಅನ್ನೋ ಹಳೇ ಚಿಪ್. ಇದಕ್ಕೆ 7.6 ಮೆಗಾಹರ್ಟ್ಸ್‌ನ ಒಂದು ಕ್ರಿಸ್ಟಲ್ ಬೇಕು. ಅದನ್ನ 76ರಿಂದ ಭಾಗಿಸಿದ್ರೆ 100 ಕಿಲೋಹರ್ಟ್ಸ್. ಇತ್ತ ಉಯ್ಯಾಲೆ, ಉದಾಹರಣೆಗೆ, 88.7 ಮೆಗಾಹರ್ಟ್ಸ್‌ನಲ್ಲಿದ್ರೆ ಅದನ್ನ 887ರಿಂದ ಭಾಗಿಸಿದ್ರೂ 100 ಕಿಲೋಹರ್ಟ್ಸ್. ಎರಡನ್ನೂ ಹೋಲಿಸಿ, ವ್ಯತ್ಯಾಸ ಇದ್ದಷ್ಟು ವೋಲ್ಟೇಜನ್ನ ವ್ಯಾರಿಕ್ಯಾಪ್‌ಗೆ ಕೊಡುತ್ತೆ. ಅದೇ 7.6 ಅನ್ನ 400ರಿಂದ ಭಾಗಿಸಿದ್ರೆ ಸ್ಟೀರಿಯೋಗೆ ಬೇಕಾದ 19 ಕಿಲೋಹರ್ಟ್ಸ್ ಕೂಡ ಕರಾರುವಾಕ್ಕಾಗಿ ಸಿಗುತ್ತೆ. ಆ 7.6 ಎಲ್ಲಿಂದ ಬಂತು ಅಂತ ನನಗೆ ಬಹಳ ದಿನ ಕುತೂಹಲ ಇತ್ತು. ಕಾಗದದಲ್ಲಿ ಭಾಗಾಕಾರ ಮಾಡಿದ ದಿನ ಒಬ್ಬಳೇ ನಕ್ಕಿದ್ದೆ.

ಜಾಣತನ ಇರೋದು "ಮೆಲ್ಲಗೆ" ಅನ್ನೋ ಪದದಲ್ಲಿ. ಎಳೆಯೋ ಕೈ ಚುರುಕಾಗಿದ್ರೆ ಅದು ಹಾಡಿನ ಅಲುಗಾಟವನ್ನೂ ತಪ್ಪು ಅಂತ ತಿಳಿದು ತಿದ್ದೋಕೆ ಹೋಗುತ್ತೆ. ಮೊದಲು ಸಾಯೋದು ಮೃದಂಗದ ಎಡಗೈ, ಯಾಕಂದ್ರೆ ಅದರ ಅಲುಗಾಟವೇ ನಿಧಾನದ್ದು. ಅದಕ್ಕೆ ಲೂಪ್ ಫಿಲ್ಟರನ್ನ ಕಿವಿಗೆ ಕೇಳೋ ಕನಿಷ್ಠ ಸದ್ದಿಗಿಂತ, ಅಂದ್ರೆ ಸುಮಾರು 20 ಹರ್ಟ್ಸ್‌ಗಿಂತ ನಿಧಾನ ಇಡಬೇಕು. ಮನೆ ಬೆಚ್ಚಗಾಗೋದು, ಅಮ್ಮ ನಡೆದು ಹೋಗೋದು ಎಲ್ಲಾ ಅದಕ್ಕಿಂತ ನಿಧಾನ. ಅವನ್ನೆಲ್ಲ ಅದು ತಿದ್ದುತ್ತೆ. ಹಾಡನ್ನ ಅದರ ಪಾಡಿಗೆ ಬಿಡುತ್ತೆ.

"ಚಿಪ್ ಹಾಕಿದ್ರೆ ಸ್ವಂತ ಕಟ್ಟಿದ ಹಾಗಾಯ್ತಾ?" ಅಂತ ಕೇಳೋರಿಗೆ: ಈ ಚಿಪ್‌ನಲ್ಲಿ ಸುರುಳಿ ಒಳಗಿಲ್ಲ. ಅದನ್ನ ನೀವೇ ಸುತ್ತಬೇಕು, ವ್ಯಾರಿಕ್ಯಾಪ್ ನೀವೇ ಹಾಕಬೇಕು. ಸುರುಳಿಯೂ ಒಳಗೇ ಇರೋ ಹೊಸ ಚಿಪ್‌ಗಳಿವೆ, ಕಾರಿನ ಸಾಕೆಟ್ಟಿಗೆ ಚುಚ್ಚೋ ಟ್ರಾನ್ಸ್‌ಮಿಟರ್‌ಗಳಲ್ಲಿ ಇರೋದು ಆ ಥರದ್ದು. ಚೆನ್ನಾಗೇ ಕೆಲಸ ಮಾಡ್ತವೆ. ನನಗೆ ತಂತಿ ಸುತ್ತೋದು ಇಷ್ಟ, ಅಷ್ಟೇ.

(7)
ಕಟ್ಟೋರಿಗೆ ಎರಡು ಮೂರು ಮಾತು.

ಈ ಚಿಪ್‌ಗೆ ಎಲ್ಲಾ ಫ್ರೀಕ್ವೆನ್ಸಿ ಆಗಲ್ಲ. 87.7ರಿಂದ 88.9ರವರೆಗೆ ಏಳು, 106.7ರಿಂದ 107.9ರವರೆಗೆ ಏಳು, ಒಟ್ಟು 14 ಜಾಗ. 88ರ ಕೆಳಗಿನ ಎರಡನ್ನ ನಿಯಮವೇ ಕಿತ್ತುಕೊಳ್ಳುತ್ತೆ. ನ್ಯೂಯಾರ್ಕಿಗೂ ಫಿಲಡೆಲ್ಫಿಯಾಗೂ ನಡುವೆ ಇರೋ ನಮ್ಮೂರಲ್ಲಿ ರೇಡಿಯೋ ಪಟ್ಟಿ ದಸರಾ ಮೆರವಣಿಗೆ ದಿನದ ಸಯ್ಯಾಜಿರಾವ್ ರಸ್ತೆ. 88.3ರಲ್ಲಿ ನ್ಯೂವಾರ್ಕಿನ ಜಾಝ್ ಸ್ಟೇಷನ್, 106.7 ಮತ್ತು 107.5ರಲ್ಲಿ ನ್ಯೂಯಾರ್ಕಿನ ದೊಡ್ಡವು. ಅಮ್ಮನ ರೇಡಿಯೋವನ್ನೇ ಅಡುಗೆಮನೆಯಲ್ಲಿಟ್ಟು, ಬೆಳಗ್ಗೆ, ಮಧ್ಯಾಹ್ನ, ರಾತ್ರಿ ಒಂದೊಂದು ಜಾಗವನ್ನೂ ಕೇಳಿ ಬರೆದಿಟ್ಕೊಂಡೆ. ಮೂರೂ ಹೊತ್ತು ಖಾಲಿ ಇದ್ದಿದ್ದು ಒಂದೇ. ಯಾವುದು ಅಂತ ಹೇಳಲ್ಲ. ನಿಮ್ಮೂರಲ್ಲಿ ಅದೇ ಖಾಲಿ ಇರಲ್ಲ, ನೀವೇ ಕೇಳಿ ನೋಡಬೇಕು.

ಸುರುಳಿ ಹಿಗ್ಗಿಸೋಕೆ, ಕುಗ್ಗಿಸೋಕೆ ಪ್ಲಾಸ್ಟಿಕ್ ಕಡ್ಡಿ ಬಳಸಿ. ಲೋಹದ ಸ್ಕ್ರೂಡ್ರೈವರ್ ಹತ್ತಿರ ತಂದ್ರೇನೇ ಫ್ರೀಕ್ವೆನ್ಸಿ ಓಡುತ್ತೆ. ವ್ಯಾರಿಕ್ಯಾಪ್‌ಗೆ ಹೋಗೋ ವೋಲ್ಟೇಜನ್ನ ಮೀಟರಿನಲ್ಲಿ ನೋಡ್ತಾ ಇರಿ. ಅದು ತನ್ನ ವ್ಯಾಪ್ತಿಯ ನಡುಮಧ್ಯ ನಿಂತಾಗ ಬಿಟ್ಟುಬಿಡಿ. ತುದಿಗೆ ಹೋಗಿ ಕೂತಿದ್ರೆ ಲೂಪ್ ಹಿಡಿತ ತಪ್ಪಿದೆ ಅಂತ ಅರ್ಥ, ಆಗ ಅದು ಎಲ್ಲಿ ಬೇಕಾದ್ರೂ ಅಲೆಯುತ್ತೆ. ಇನ್ನೊಂದು, ಪಿಎಲ್‌ಎಲ್ ಕಾಯೋದು ಮೂಲ ಫ್ರೀಕ್ವೆನ್ಸಿಯನ್ನ ಮಾತ್ರ. ಎಫ್‌ಎಂ ಪಟ್ಟಿಯ ಎರಡರಷ್ಟು ಅಂದ್ರೆ 176ರಿಂದ 216 ಮೆಗಾಹರ್ಟ್ಸ್, ಇಲ್ಲಿ ಅದು ಟಿವಿ ಚಾನೆಲ್ 7ರಿಂದ 13ರ ಮನೆ. ಅಲ್ಲಿಗೆ ಕಾಲಿಡದ ಹಾಗೆ ಫಿಲ್ಟರ್ ಬೇಕು. ಅದು ಮುಂದಿನ ಭಾಗ, ಡಬ್ಬಿ ಮತ್ತು ಏರಿಯಲ್ ಜೊತೆ.

ಕೊನೆಯದು, ಬಹಳ ಜನ ಗಮನಿಸದ್ದು. ಎಫ್‌ಎಂನಲ್ಲಿ ಕಳಿಸುವಾಗ ತಾರದ ಸದ್ದನ್ನ ಎತ್ತಿ ಕಳಿಸ್ತಾರೆ, ರೇಡಿಯೋ ಅದನ್ನ ಅಷ್ಟೇ ಇಳಿಸಿಕೊಳ್ಳುತ್ತೆ. ಎಷ್ಟು ಎತ್ತಬೇಕು ಅನ್ನೋ ಲೆಕ್ಕ ಅಮೆರಿಕದಲ್ಲಿ 75 ಮೈಕ್ರೋಸೆಕೆಂಡ್, ಭಾರತದಲ್ಲಿ 50. ಈ ಚಿಪ್‌ನಲ್ಲಿ ಅದನ್ನ ನಿರ್ಧರಿಸೋದು ಎರಡು ಪುಟ್ಟ ಕೆಪಾಸಿಟರ್: 3300 ಪಿಕೋಫ್ಯಾರಡ್ ಹಾಕಿದ್ರೆ 75, 2200 ಹಾಕಿದ್ರೆ 50. ಇರೋದು ನ್ಯೂಜೆರ್ಸಿಯಲ್ಲಿ, ಆದ್ರೆ ರೇಡಿಯೋ ಮೈಸೂರಿಂದು. ಅಮ್ಮನಿಗೆ ಏನೂ ಹೇಳದೆ ಒಂದು ದಿನ 3300, ಮಾರನೇ ದಿನ 2200 ಹಾಕಿ ಕೇಳಿಸಿದೆ. ಮೊದಲ ದಿನ "ನಾಗಸ್ವರ ಸ್ವಲ್ಪ ಚೂಪಾಗಿದೆ ಅಲ್ವಾ" ಅಂದಿದ್ದಳು. ಎರಡನೇ ದಿನ ನಾನು ಕೆಲಸದಿಂದ ಬಂದಾಗ ಬಾಗಿಲ ಹೊರಗೇ ಕೇಳೋಷ್ಟು ಜೋರಾಗಿ ಹಾಕ್ಕೊಂಡು ಹುರುಳಿಕಾಯಿ ಬಿಡಿಸ್ತಾ ಕೂತಿದ್ದಳು. 2200 ಹಾಗೇ ಬಿಟ್ಟಿದ್ದೀನಿ.

#ಅಮ್ಮನರೇಡಿಯೋ #ಮನೆಯಲ್ಲೇಕಟ್ಟಿದ್ದು #ಕನ್ನಡದಲ್ಲಿಎಲೆಕ್ಟ್ರಾನಿಕ್ಸ್